ಡಿಎಂಎಕ್ಸ್ ಸಂಕೇತ ಹಿಡಿಯಲು ಪ್ರತ್ಯೇಕ ಚಿಪ್ ಯಾಕೆ?

ರಂಗದ ದೀಪಗಳಿಗೆ ತಂತಿಯ ಮೂಲಕ ಬೆಳಕಿನ ಬೆಲೆಗಳನ್ನು ಕಳಿಸುವ ಡಿಎಂಎಕ್ಸ್512 ಎಂಬ ಸಂಕೇತ ಪದ್ಧತಿ ಬಂದದ್ದು 1986ರಲ್ಲಿ. ಇದರ ಬಗ್ಗೆ ಓದುವಾಗ 'ರಿಸೀವರ್ ಚಿಪ್' ಎಂಬ ಮಾತು ಎರಡು ಬೇರೆ ಬೇರೆ ಚಿಪ್‌ಗಳಿಗೆ ಬಳಕೆಯಾಗುವುದು ಕಾಣುತ್ತದೆ. ಮೊದಲು ಅದನ್ನು ಬಿಡಿಸಿಕೊಳ್ಳೋಣ.

ಒಂದು, ಮ್ಯಾಕ್ಸ್485ರಂಥ ಆರ್‌ಎಸ್-485 (ತಂತಿಯ ವೋಲ್ಟೇಜ್ ಹೇಗಿರಬೇಕೆಂದು ಹೇಳುವ ಮಾನದಂಡ) ಚಿಪ್. ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ನೋಡಿ 0 ಅಥವಾ 1 ಎಂದು ಹೇಳುವುದಷ್ಟೇ ಇದರ ಕೆಲಸ. ಯಾವ ಬೈಟ್ ಯಾವ ದೀಪಕ್ಕೆ ಸೇರಿದ್ದು ಎಂಬುದು ಇದಕ್ಕೆ ಗೊತ್ತಿಲ್ಲ. ಸಾಲಿನ ಕೊನೆಯಲ್ಲಿ 120 ಓಮ್ ರೆಸಿಸ್ಟರ್ ಹಾಕಿದರೆ ಈ ಭಾಗ ಬಹುತೇಕ ಮುಗಿಯಿತು.

ಇನ್ನೊಂದು, ಆ 0-1ಗಳ ಅರ್ಥ ಬಿಡಿಸುವ ಚಿಪ್. ಈ ಟಿಪ್ಪಣಿ ಅದರ ಬಗ್ಗೆ. ಇದು ಸಿದ್ಧವಾಗಿ ಸಿಗುವ ಡಿಕೋಡರ್ ಆಗಿರಬಹುದು, ಅಥವಾ ಈ ಕೆಲಸಕ್ಕೆಂದೇ ಮೀಸಲಿಟ್ಟ ಚಿಕ್ಕ ಮೈಕ್ರೋಕಂಟ್ರೋಲರ್ (ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್) ಆಗಿರಬಹುದು. ಮುಖ್ಯ ಮೈಕ್ರೋಕಂಟ್ರೋಲರ್ ಇರುವಾಗ ಮತ್ತೊಂದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಮಯದ ಲೆಕ್ಕದಲ್ಲಿದೆ.

ವೇಗ ಸೆಕೆಂಡಿಗೆ 2,50,000 ಬಿಟ್, ಅಂದರೆ ಒಂದು ಬಿಟ್‌ಗೆ 4 ಮೈಕ್ರೋಸೆಕೆಂಡ್. ಒಂದು ಸ್ಟಾರ್ಟ್ ಬಿಟ್, ಎಂಟು ಡೇಟಾ, ಎರಡು ಸ್ಟಾಪ್ ಸೇರಿ ಪ್ರತಿ ಸ್ಲಾಟ್‌ಗೆ, ಅಂದರೆ ಒಂದು ಬೆಲೆ ಹೊತ್ತು ಬರುವ ಒಂದು ಬೈಟ್‌ಗೆ, 44 ಮೈಕ್ರೋಸೆಕೆಂಡ್. 16 ಮೆಗಾಹರ್ಟ್ಸ್‌ನ ಕಂಟ್ರೋಲರ್‌ಗೆ ಇದು 704 ಕ್ಲಾಕ್ ಸುತ್ತು. ಸಾಲದೇನೂ ಅಲ್ಲ. ಆದರೆ ಅದೇ ಕಂಟ್ರೋಲರ್ 60 ಡಬ್ಲ್ಯೂಎಸ್2812 ಎಲ್‌ಇಡಿಗಳ (ಒಂದೇ ಡೇಟಾ ತಂತಿಯಿಂದ ಬಣ್ಣ ಪಡೆಯುವ ಎಲ್‌ಇಡಿಗಳು) ಪಟ್ಟಿಯನ್ನೂ ನಡೆಸುತ್ತಿದೆ ಅನ್ನಿ. ಒಂದು ಎಲ್‌ಇಡಿಗೆ ಸುಮಾರು 30 ಮೈಕ್ರೋಸೆಕೆಂಡ್, ಒಟ್ಟು 1.8 ಮಿಲಿಸೆಕೆಂಡ್. ಬಿಟ್‌ಗಳ ಅಳತೆ ತಪ್ಪಬಾರದೆಂದು ಅಷ್ಟು ಹೊತ್ತೂ ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಬಂದ ಬೈಟ್ ನೋಡಿಸುವ ಕರೆ) ಮುಚ್ಚಿಟ್ಟರೆ, ಅಷ್ಟರಲ್ಲಿ ಸುಮಾರು 40 ಸ್ಲಾಟ್ ಬಂದುಹೋಗುತ್ತವೆ. ಎಟಿಮೆಗಾ328 ಎಂಬ ಕಂಟ್ರೋಲರ್‌ನ ಸೀರಿಯಲ್ ಭಾಗದಲ್ಲಿ (ಬಿಟ್‌ಗಳನ್ನು ಕೂಡಿಸಿ ಬೈಟ್ ಮಾಡುವ ಭಾಗ) ಎರಡು-ಮೂರು ಬೈಟ್‌ಗಷ್ಟೇ ಜಾಗ. ಉಳಿದವು ಕಳೆದುಹೋದವು.

ಕಳೆದದ್ದಕ್ಕಿಂತ ಕೆಟ್ಟದ್ದು ಮುಂದಿದೆ. ಡಿಎಂಎಕ್ಸ್‌ನಲ್ಲಿ ಸ್ಲಾಟ್‌ಗೆ ವಿಳಾಸ ಬರೆದಿರುವುದಿಲ್ಲ. ಎಷ್ಟನೆಯದಾಗಿ ಬಂತು ಎಂಬುದೇ ಅದರ ವಿಳಾಸ. ಹಾಗಾಗಿ ನೂರನೇ ಸ್ಲಾಟ್‌ನ ಬೆಲೆ ನಮ್ಮ ಎಣಿಕೆಯಲ್ಲಿ ಅರವತ್ತರ ಆಸುಪಾಸಿಗೆ ಬಂದು ಕೂರುತ್ತದೆ. ತಪ್ಪು ಹಿಡಿಯಲು ಸೇರಿಸುವ ಪ್ಯಾರಿಟಿಯೂ ಇಲ್ಲ, ಚೆಕ್‌ಸಮ್ಮೂ ಇಲ್ಲ, ತಪ್ಪಾಯಿತೆಂದು ಹೇಳುವವರೇ ಇಲ್ಲ. ಮುಂದಿನ ಬ್ರೇಕ್, ಅಂದರೆ ಸ್ಲಾಟ್‌ಗಳ ಹೊಸ ಕಂತು (ಪ್ಯಾಕೆಟ್) ಶುರುವಾಗುವ ಗುರುತು, ಬಂದ ಮೇಲಷ್ಟೇ ಎಣಿಕೆ ಮತ್ತೆ ಸರಿಯಾಗುವುದು.

ಆ ಬ್ರೇಕ್ ಗುರುತಿಸುವ ಬಗೆ ಚೆನ್ನಾಗಿದೆ, ಗಮನಿಸಿ. ಬೆಲೆ 0 ಇರುವ ಸ್ಲಾಟ್‌ನಲ್ಲಿ ಗೆರೆ 36 ಮೈಕ್ರೋಸೆಕೆಂಡ್ ಕೆಳಗಿದ್ದು, ಸ್ಟಾಪ್ ಬಿಟ್‌ಗೆ ಮೇಲೇಳುತ್ತದೆ. ಬ್ರೇಕ್‌ನಲ್ಲಿ ಕನಿಷ್ಠ 88 ಮೈಕ್ರೋಸೆಕೆಂಡ್ ಕೆಳಗೇ ಇರುತ್ತದೆ. ಸ್ಟಾಪ್ ಬಿಟ್ ಇರಬೇಕಾದ ಜಾಗದಲ್ಲಿ 0 ಕಂಡ ಸೀರಿಯಲ್ ಭಾಗ 'ಫ್ರೇಮಿಂಗ್ ಎರರ್' ಎನ್ನುತ್ತದೆ. ಬೈಟ್ 0, ಜೊತೆಗೆ ಫ್ರೇಮಿಂಗ್ ಎರರ್ ಎಂದರೆ ಹೊಸ ಪ್ಯಾಕೆಟ್ ಶುರು. ಎಟಿಮೆಗಾ328 ಸೇರಿದ ಎವಿಆರ್ ಚಿಪ್‌ಗಳಲ್ಲಿ ಸ್ಟೇಟಸ್ ರಿಜಿಸ್ಟರನ್ನು ಮೊದಲು ಓದಿ, ಡೇಟಾ ರಿಜಿಸ್ಟರನ್ನು ಆಮೇಲೆ ಓದಿ. ಅದಲುಬದಲಾದರೆ ಆ ಎರರ್ ಗುರುತು ಕೈತಪ್ಪುತ್ತದೆ.

ಇಷ್ಟನ್ನೂ ಪ್ರತ್ಯೇಕ ಚಿಪ್‌ಗೆ ವಹಿಸಿದರೆ ಮುಖ್ಯ ಕಂಟ್ರೋಲರ್ ತನಗೆ ಬಿಡುವಾದಾಗ ಎಸ್‌ಪಿಐ (ಚಿಪ್‌ಗಳು ಪರಸ್ಪರ ಮಾತಾಡುವ ಒಂದು ಬಗೆ) ಮೂಲಕ ಬೆಲೆಗಳನ್ನು ಕೇಳಿ ಪಡೆಯಬಹುದು. ಆದರೆ ಆ ಚಿಪ್‌ನಲ್ಲಿ ಬೆಲೆಗಳನ್ನು ಕೂಡಿಡುವ ಎರಡು ಬಫರ್ ಇರಲೇಬೇಕು: ಒಂದು ತುಂಬುತ್ತಿರುವಾಗ ಇನ್ನೊಂದರಿಂದ ಓದು, ಪ್ಯಾಕೆಟ್ ಮುಗಿದಾಗ ಅದಲುಬದಲು. ಇಲ್ಲದಿದ್ದರೆ ಏನಾಗುತ್ತದೆ? ತಿರುಗುವ ದೀಪದ ಸ್ಥಾನ ಎರಡು ಸ್ಲಾಟ್‌ಗಳಲ್ಲಿ ಬರುತ್ತದೆ, ಒಂದು ದಪ್ಪ ಅಳತೆ, ಒಂದು ಸೂಕ್ಷ್ಮ. 127-255ರಿಂದ 128-0ಗೆ ಹೋಗುವುದು ಒಂದೇ ಒಂದು ಹೆಜ್ಜೆ. ನಡುವೆ ಓದಿಬಿಟ್ಟರೆ 128-255 ಸಿಗುತ್ತದೆ, ಅಂದರೆ 255 ಹೆಜ್ಜೆ ಆಚೆ. 540 ಡಿಗ್ರಿ ತಿರುಗುವ ದೀಪದಲ್ಲಿ ಅದು ಎರಡು ಡಿಗ್ರಿಗೂ ಹೆಚ್ಚು. ಬೆಳಕು ಝಟ್ಟನೆ ಹಾರಿ ಹಿಂದಕ್ಕೆ ಬರುವುದು ಬರಿಗಣ್ಣಿಗೇ ಕಾಣುತ್ತದೆ.

ಚಿಪ್ ಆರಿಸುವಾಗಲೋ ಅದರ ಪ್ರೋಗ್ರಾಮ್ ಬರೆಯುವಾಗಲೋ ಇನ್ನೆರಡು ಸಂಗತಿ ನೋಡಿಕೊಳ್ಳಿ. ಬ್ರೇಕ್ ನಂತರದ ಮೊದಲ ಬೈಟ್, ಅಂದರೆ ಸ್ಟಾರ್ಟ್ ಕೋಡ್, 0 ಆಗಿದ್ದರೆ ಮಾತ್ರ ಮುಂದಿನವು ದೀಪದ ಬೆಲೆಗಳು. ಅದೇ ತಂತಿಯಲ್ಲಿ ಆರ್‌ಡಿಎಂ (ದೂರದಿಂದಲೇ ದೀಪಗಳ ಸೆಟ್ಟಿಂಗ್ ನೋಡುವ, ಬದಲಿಸುವ ಪದ್ಧತಿ) ಸಂದೇಶವೂ ಬರಬಹುದು; ಅದರ ಕೋಡ್ 204. ಪರೀಕ್ಷಿಸದೆ ಅದನ್ನೂ ಬೆಳಕಾಗಿ ತೋರಿಸಿದರೆ ದೀಪ ಮಿಣುಕುತ್ತದೆ. ಎರಡನೆಯದು, ಒಂದು ಬ್ರೇಕ್‌ನಿಂದ ಇನ್ನೊಂದಕ್ಕೆ 1 ಸೆಕೆಂಡಿಗಿಂತ ಹೆಚ್ಚು ಅಂತರ ಇರಬಾರದೆಂಬುದು ನಿಯಮ. ಅದು ಮೀರಿದರೆ ಸಂಕೇತ ನಿಂತಿದೆ ಎಂದು ಚಿಪ್ ಒಂದು ಪಿನ್ನಿನಲ್ಲಾದರೂ ಹೇಳಬೇಕು. ಕೊನೆಯ ಬೆಳಕನ್ನು ಹಾಗೇ ಉಳಿಸುವುದೋ ಆರಿಸುವುದೋ ಎಂಬ ತೀರ್ಮಾನವನ್ನು ಮುಖ್ಯ ಕಂಟ್ರೋಲರ್‌ಗೇ ಬಿಡಿ.