ಅಟ್ಟದ ಕಾಯಿ, ನಡುಮನೆಯ ಟಿವಿ

ತಿಪಟೂರಿನ ಹತ್ತಿರ ನಮ್ಮೂರಲ್ಲಿ ಈ ಸಲದ ಜಾತ್ರೆಗೆ ಮೂಡಲಪಾಯ ಯಕ್ಷಗಾನ ಆಡಿದರು. ದೊಡ್ಡಪ್ಪನದು ಭೀಮನ ವೇಷ. ನನ್ನ ತಮ್ಮ ಮೊಬೈಲನ್ನು ಕಂಬಕ್ಕೆ ಕಟ್ಟಿ ಆಟವನ್ನೆಲ್ಲ ಹಿಡಿದಿದ್ದ. ಮಾರನೇ ದಿನ ಟಿವಿಯಲ್ಲಿ ನೋಡೋಣವೆಂದು ಮನೆಮಂದಿಯೆಲ್ಲ ಕೂತರೆ, ಭೀಮನ ಪ್ರವೇಶವಿದ್ದ 40 ನಿಮಿಷದ ತುಣುಕು ಪೆನ್‌ಡ್ರೈವಿಗೆ ಇಳಿಯಲೇ ಇಲ್ಲ.

“32 ಜಿಬಿ ಅಂತೀಯ, ಖಾಲಿ ಐತೆ ಅಂತೀಯ. 5 ಜಿಬಿ ಹಿಡಿಯಾಕಿಲ್ವೇನೋ?” ಎಂದರು ದೊಡ್ಡಪ್ಪ.

ಜಾಗವಿತ್ತು, ಲೆಕ್ಕ ಬರೆಯಲು ಖಾನೆಯಿರಲಿಲ್ಲ. ಆ ಪೆನ್‌ಡ್ರೈವಿನಲ್ಲಿದ್ದದ್ದು ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ಹಳೆಯ ಏರ್ಪಾಡು. ಅದು ಪ್ರತಿ ಫೈಲಿನ ಗಾತ್ರವನ್ನು 32 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಮಾತ್ರ ಹಿಡಿಸುವ 32 ಮನೆಗಳಲ್ಲಿ, ಬರೆದಿಡುತ್ತದೆ. ಅಷ್ಟರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4,29,49,67,295, ಬೈಟ್ ಲೆಕ್ಕದಲ್ಲಿ 4 ಜಿಬಿಯ ಆಸುಪಾಸು. ಒಂದು ಫೈಲು ಅದಕ್ಕಿಂತ ಒಂದು ಬೈಟ್ ಹೆಚ್ಚಾದರೂ ಒಳಗೆ ಬಿಡದು.

ಹಾಗಾಗಿ ವಿಡಿಯೊವನ್ನು ಲ್ಯಾಪ್‌ಟಾಪಿನಲ್ಲೇ ಬಿಟ್ಟು, ಮನೆಯ ವೈಫೈ ಮೂಲಕ ಟಿವಿಗೆ ಕಳಿಸುವ ದಾರಿ ಹಿಡಿದೆವು. ಅದಕ್ಕೆ ಮೀಡಿಯಾ ಸರ್ವರ್ ಎಂಬ ತಂತ್ರಾಂಶ ಬೇಕು. ಮಿನಿಡಿಎಲ್‌ಎನ್‌ಎ, ಜೆಲ್ಲಿಫಿನ್ ಹೀಗೆ ಪುಕ್ಕಟೆ ಸಿಗುವವು ಹಲವಿವೆ. ಹಾಕಿದ ಸ್ವಲ್ಪ ಹೊತ್ತಿಗೆ ಟಿವಿಯ ಪರದೆಯ ಮೇಲೆ ಲ್ಯಾಪ್‌ಟಾಪಿನ ಹೆಸರು ತಾನಾಗಿ ಮೂಡಿತು. ಯಾರೂ ವಿಳಾಸ ಹೇಳಿಕೊಟ್ಟಿರಲಿಲ್ಲ.

ಇದು ನಡೆಯುವುದು ಊರಲ್ಲಿ ತಮಟೆ ಬಡಿದು ಸಾರುವ ಹಾಗೆ. ಟಿವಿ 239.255.255.250 ಎಂಬ ವಿಳಾಸಕ್ಕೆ, 1900ನೇ ಪೋರ್ಟಿನಲ್ಲಿ (ವಿಳಾಸದೊಳಗಿನ ಬಾಗಿಲಿನ ಸಂಖ್ಯೆ ಎನ್ನಿ), “ವಿಡಿಯೊ ಇಟ್ಟುಕೊಂಡವರು ಯಾರಾದರೂ ಇದ್ದೀರಾ?” ಎಂದು ಕೂಗುತ್ತದೆ. ಅದು ಯಾವುದೋ ಒಂದು ಯಂತ್ರದ ವಿಳಾಸವಲ್ಲ. ಇಂಥ ಕೂಗಿಗೆ ಕಿವಿಗೊಟ್ಟವರೆಲ್ಲರಿಗೂ ಸೇರಿದ್ದು. ಸರ್ವರ್ ಓಗೊಟ್ಟು ತನ್ನ ವಿಳಾಸ ಹೇಳುತ್ತದೆ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಹೀಗೆ ಒಂದೇ ಭಾಷೆ ಆಡಲೆಂದು ಸೋನಿ, ಇಂಟೆಲ್ ಮುಂದಾಗಿ 2003ರಲ್ಲಿ ಕಟ್ಟಿದ ಕೂಟವೇ ಡಿಎಲ್‌ಎನ್‌ಎ. ಕೂಟ 2017ರಲ್ಲಿ ಬಾಗಿಲು ಹಾಕಿತು, ಭಾಷೆ ಮಾತ್ರ ಟಿವಿಗಳಲ್ಲಿ ಉಳಿದಿದೆ.

ಈ ಮಾತುಕತೆಯೆಲ್ಲ ಮನೆಯೊಳಗೇ ಮುಗಿಯುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಇಂಟರ್‌ನೆಟ್ ಕೈಕೊಟ್ಟ ದಿನವೂ ರೌಟರಿಗೆ ಕರೆಂಟಿದ್ದರೆ ಸಾಕು, ವಿಡಿಯೊ ಓಡುತ್ತದೆ, ಡೇಟಾ ಒಂದಿಷ್ಟೂ ಖರ್ಚಾಗದು. ಆದರೆ ಈ ಏರ್ಪಾಡಿಗೆ ಸಾಮಾನ್ಯವಾಗಿ ಬೇರೆ ಪಾಸ್‌ವರ್ಡ್ ಇರುವುದಿಲ್ಲ. ಪಕ್ಕದ ಮನೆಯವರಿಗೆ ವೈಫೈ ಪಾಸ್‌ವರ್ಡ್ ಕೊಟ್ಟಿದ್ದರೆ ಅವರ ಟಿವಿಯಲ್ಲೂ ನಿಮ್ಮ ಫೋಲ್ಡರು ಕಾಣಬಹುದು. ಮನೆಯ ಹೆಣ್ಣುಮಕ್ಕಳ, ಮಕ್ಕಳ ಫೋಟೊ ಇರುವ ಫೋಲ್ಡರನ್ನು ಸರ್ವರಿಗೆ ಸೇರಿಸುವ ಮುಂಚೆ ದಯವಿಟ್ಟು ಇದನ್ನು ನೆನಪಿಡಿ.

ಟಿವಿಯೇನೋ ಸರ್ವರನ್ನು ಕಂಡುಹಿಡಿಯಿತು, ಆಟ ಮಾತ್ರ ಸರಾಗವಾಗಿ ಓಡಲಿಲ್ಲ. ಭಾಗವತರ ಪದ ಅರ್ಧಕ್ಕೆ ನಿಲ್ಲುವುದು, ಮುಖವೀಣೆ ತಡವರಿಸುವುದು. ಲೆಕ್ಕ ಹಾಕಿದೆ. 40 ನಿಮಿಷಕ್ಕೆ 5 ಜಿಬಿ ಎಂದರೆ ಸೆಕೆಂಡಿಗೆ ಸುಮಾರು 17 ಮೆಗಾಬಿಟ್. ವೈಫೈಗೆ ಇದೇನು ದೊಡ್ಡ ಹೊರೆಯಲ್ಲ. ಆದರೆ ಲ್ಯಾಪ್‌ಟಾಪಿನಿಂದ ರೌಟರಿಗೆ ಒಮ್ಮೆ, ರೌಟರಿನಿಂದ ಟಿವಿಗೆ ಇನ್ನೊಮ್ಮೆ, ಅದೇ ಸರಕು ಅದೇ ಗಾಳಿಯಲ್ಲಿ ಎರಡು ಸಲ ಸಾಗಬೇಕು. ಒಂದೇ ಚಾನೆಲ್ಲಿನಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕಾದ್ದರಿಂದ ವೇಗ ಅರ್ಧಕ್ಕಿಳಿಯುತ್ತದೆ.

ಇನ್ನೊಂದು ತೊಡಕು ತಲೆಯ ಮೇಲಿತ್ತು. ರೌಟರನ್ನು ಅಟ್ಟದ ಮೂಲೆಯಲ್ಲಿ ಇಟ್ಟಿದ್ದೆವು. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಒಳಗಿನ ನೀರು ಇಂಗುವವರೆಗೆ ತಿಂಗಳುಗಟ್ಟಲೆ ಅಟ್ಟದಲ್ಲೇ ಬಿಡುತ್ತಾರೆ. ಆಗತಾನೇ ತುಂಬಿದ ರಾಶಿ, ಒಂದೊಂದು ಕಾಯಿಯಲ್ಲೂ ನೀರು. ವೈಫೈ ಬಳಸುವ 2.4 ಗಿಗಾಹರ್ಟ್ಸಿನ ಆಸುಪಾಸಿನ ಅಲೆಗಳಿಂದಲೇ ಮೈಕ್ರೋವೇವ್ ಒಲೆ ಆಹಾರದಲ್ಲಿನ ನೀರನ್ನು ಬಿಸಿಮಾಡುವುದು. ಅಂದರೆ ನೀರು ಆ ಅಲೆಗಳನ್ನು ಹೀರಿಕೊಳ್ಳುತ್ತದೆ. 5 ಗಿಗಾಹರ್ಟ್ಸಿಗೆ ಬದಲಿಸಿದರೆ ವೇಗ ಹೆಚ್ಚು ನಿಜ, ಆದರೆ ನೀರೂ ದಪ್ಪ ಗೋಡೆಯೂ ಅದನ್ನು ಇನ್ನಷ್ಟು ತಡೆಯುತ್ತವೆ.

ರೌಟರನ್ನು ನಡುಮನೆಯ ಗೂಡಿಗೆ ಇಳಿಸಿ, ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿದೆ. ಈಗ ಗಾಳಿಯಲ್ಲಿ ಒಂದೇ ಸಲದ ಪಯಣ. ಮುಖವೀಣೆ ಎಳೆ ಕಡಿಯದೆ ನುಡಿಯಿತು.

ಭೀಮ ರಂಗಕ್ಕೆ ಬಂದ. ಭುಜಕೀರ್ತಿ, ಕಿರೀಟ, ಆ ದಪ್ಪ ಹೆಜ್ಜೆ. ದೊಡ್ಡಪ್ಪ ಕೂತಲ್ಲೇ ತೊಡೆಯ ಮೇಲೆ ತಾಳ ಹಾಕತೊಡಗಿದರು. “ಆ ಪ್ರವೇಶ ಇನ್ನೊಂದ್ಸಲ ಹಾಕಪ್ಪ” ಎಂದರು. ನಾನು ರಿಮೋಟಿನಲ್ಲಿ ಹಿಂದಕ್ಕೆ ಸರಿಸಿದೆ. ಹೀಗೆ ಸರಿಸಿದಾಗ ಫೈಲು ಮೊದಲಿಂದ ಬರುವುದಿಲ್ಲ. ಇಷ್ಟನೇ ಬೈಟಿನಿಂದ ಮುಂದಕ್ಕೆ ಕೊಡು ಎಂದು ಟಿವಿ ಕೇಳುತ್ತದೆ, ಸರ್ವರ್ ಅಷ್ಟನ್ನೇ ಕೊಡುತ್ತದೆ. ಆ ರಾತ್ರಿ ಅದೇ ಬೈಟುಗಳನ್ನು ಟಿವಿ ನಾಲ್ಕು ಸಲ ಕೇಳಿ ತರಿಸಿಕೊಂಡಿತು.