ಹಸುವಿನ ಖನಿಜ ಮಿಶ್ರಣ ಮೀನಿಗೂ ಹಾಕಬಹುದೇ?

ಪ್ರಶ್ನೆ: ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದಲ್ಲಿ ಸಾಮಾನ್ಯ ಗೆಂಡೆ ಸಾಕಿದ್ದೇನೆ. ತೌಡು, ಕಡಲೆಕಾಯಿ ಹಿಂಡಿ ಕೊಡುತ್ತೇನೆ. ಮೀನು ಉದ್ದ ಬರುತ್ತಿಲ್ಲ, ಕೊಯ್ದರೆ ಹೊಟ್ಟೆ ತುಂಬ ಕೊಬ್ಬು. ಹಸುವಿಗೆ ಹಾಕುವ ಖನಿಜ ಮಿಶ್ರಣ ಬೆರೆಸಲೇ?

ಉತ್ತರ: ಬೆರೆಸಿದರೆ ಹೆಚ್ಚಿನ ಪಾಲು ವ್ಯರ್ಥ. ಹಸುವಿನ ಮಿಶ್ರಣದಲ್ಲಿ ಮುಖ್ಯವಾಗಿ ಇರುವುದು ಡೈಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ಡಿಸಿಪಿ. ಮೀನು ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಕಿವಿರಿನ ಮೂಲಕ ನೀರಿನಿಂದಲೇ ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಕೊರತೆ ಬೀಳುವುದು ರಂಜಕಕ್ಕೆ, ಅಂದರೆ ಫಾಸ್ಫರಸ್‌ಗೆ. ನೀರಿನಲ್ಲಿ ಅದು ತೀರಾ ಕಡಿಮೆ, ಆಹಾರದಿಂದಲೇ ಬರಬೇಕು.

ಇಲ್ಲೊಂದು ತೊಡಕಿದೆ. ಗೆಂಡೆ ಜಾತಿಯ ಮೀನುಗಳಿಗೆ ಜಠರವೇ ಇಲ್ಲ. ಆಮ್ಲವಿಲ್ಲದ ಮೇಲೆ ಗಟ್ಟಿ ಲವಣ ಕರಗುವುದು ಹೇಗೆ? ಸಾಮಾನ್ಯ ಗೆಂಡೆಗೆ ಮೊನೊಕ್ಯಾಲ್ಸಿಯಂ ಫಾಸ್ಫೇಟ್‌ನ ರಂಜಕ ಶೇ 94ರಷ್ಟು ದಕ್ಕಿದರೆ, ಡಿಸಿಪಿಯದು ಶೇ 46, ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ನದು ಬರೀ ಶೇ 13. ತೌಡಿನಲ್ಲಿ ರಂಜಕ ಧಾರಾಳವಾಗಿದೆ, ಆದರೆ ಬಹುಪಾಲು ಫೈಟೇಟ್ ಎಂಬ ಸಸ್ಯ ಸಂಯುಕ್ತದ ರೂಪದಲ್ಲಿ ಬಂಧಿ. ಅದನ್ನು ಬಿಡಿಸುವ ಕಿಣ್ವ ಮೀನಿನ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಈ ಫೈಟೇಟ್ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ದಕ್ಕುವ ರಂಜಕ ಆಹಾರದ ಶೇ 0.6–0.7 ಇರಬೇಕು. ಕಡಿಮೆಯಾದರೆ ಮೂಳೆ ಮೆತ್ತಗಾಗಿ ಬೆಳವಣಿಗೆ ಕುಂಟುತ್ತದೆ, ತಲೆಬುರುಡೆ ವಿಕಾರವಾಗಬಹುದು. ತಿಂದ ಶಕ್ತಿ ಉರಿಯದೆ ಮೈಯಲ್ಲಿ ಕೊಬ್ಬಾಗಿ ಕೂರುತ್ತದೆ. ಮೀನಿನ ತೂಕ ನೋಡಿ ಮಾತ್ರ ನೆಮ್ಮದಿಯಾಗಿ ಇರಬೇಡಿ ಎನ್ನುವುದು ಇದಕ್ಕೇ. ಹಾಗೆಂದು ಕೊಬ್ಬಿಗೆಲ್ಲ ರಂಜಕವೇ ಕಾರಣ ಎನ್ನಲಾಗದು. ಹಿಂಡಿ ಕಡಿಮೆ ಮಾಡಿ ತೌಡೇ ಸುರಿದರೂ ಹೀಗಾಗುತ್ತದೆ, ಮೊದಲು ಆ ಪ್ರಮಾಣ ನೋಡಿ. ಬೆಳೆದಂತೆಲ್ಲ ಮೀನಿನ ಮೈಯಲ್ಲಿ ನೀರು ಇಳಿದು ಕೊಬ್ಬು ಸ್ವಲ್ಪ ಏರುವುದಂತೂ ಸಹಜ.

ಮಣ್ಣಿನ ಕೆರೆಯಲ್ಲಿ ಗೊಬ್ಬರ ಹಾಕಿ ವಿರಳವಾಗಿ ಸಾಕಿದ್ದರೆ ಪ್ಲವಕಗಳೇ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಖನಿಜ ಒದಗಿಸುತ್ತವೆ, ಚಿಂತೆಯಿಲ್ಲ. ಹಾಳೆ ಹಾಸಿದ ಹೊಂಡದಲ್ಲಿ ಆ ಮೇವು ಕಡಿಮೆ. ನಿಮ್ಮಲ್ಲಿ 100 ಕೆಜಿ ಆಹಾರಕ್ಕೆ 1 ಕೆಜಿ ಮೊನೊಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿ ನೋಡಬಹುದು; ಅದರಿಂದ ಸುಮಾರು 220 ಗ್ರಾಂ ರಂಜಕ ಸಿಗುತ್ತದೆ. ಪುಡಿಯಾಗಿ ಎರಚಿದರೆ ನೀರಿನಲ್ಲೇ ಕರಗಿ ಪಾಚಿಗೆ ಗೊಬ್ಬರವಾಗುತ್ತದೆ. ತೌಡು, ಹಿಂಡಿಯ ಜೊತೆ ಕಲಸಿ, ಉಂಡೆ ಕಟ್ಟಿ ಹಾಕಿ.