ದೋಟಿಯ ತುದಿ, ಟ್ರೈಪಾಡಿನ ಕಾಲು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸಿದ್ದಾಪುರದ ಕಡೆಯ ಯುವಕರೊಬ್ಬರು ಉಂಚಳ್ಳಿ ಜಲಪಾತದ ಚಿತ್ರಗಳನ್ನು ಹಿಡಿದು ಶಿರಸಿಯ ನನ್ನ ಸ್ಟುಡಿಯೋಗೆ ಬಂದಿದ್ದರು. ಕ್ಯಾಮೆರಾ ಒಳ್ಳೆಯದು, ಲೆನ್ಸ್ ಅದಕ್ಕಿಂತ ಒಳ್ಳೆಯದು, ಅರ್ಧ ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ನೀರು ಬೇಕಾದಂತೆಯೇ ನೂಲುನೂಲಾಗಿ ಇಳಿದಿತ್ತು. ಆದರೆ ನೀರಿನ ಪಕ್ಕದ ಬಂಡೆಯೂ ಬಂಡೆಯ ಮೇಲಿನ ಪಾಚಿಯೂ ಒಂದೆಳೆ ಕದಲಿದ್ದವು. ಟ್ರೈಪಾಡಿನ ಪೆಟ್ಟಿಗೆಯ ಮೇಲೆ 15 ಕೆ.ಜಿ. ಹೊರುತ್ತದೆ ಎಂದು ಬರೆದಿದೆ, ತಮ್ಮ ಕ್ಯಾಮೆರಾ ಲೆನ್ಸ್ ಸೇರಿ 2 ಕೆ.ಜಿ.ಯೂ ಇಲ್ಲ, ಹಾಗಿದ್ದೂ ಅಲುಗಿದ್ದು ಹೇಗೆ ಎಂಬುದು ಅವರ ಪ್ರಶ್ನೆ. ಇದೇ ಪ್ರಶ್ನೆಯನ್ನು ವರ್ಷಕ್ಕೆ ನಾಲ್ಕಾರು ಸಲ ಕೇಳಿಸಿಕೊಳ್ಳುತ್ತೇನೆ. ನನ್ನ ಮೊದಲ ಎರಡು ಟ್ರೈಪಾಡುಗಳನ್ನು ಕೊಂಡಾಗ ನಾನೂ ಆ ಸಂಖ್ಯೆಯನ್ನೇ ನಂಬಿದ್ದೆ.

ಪೆಟ್ಟಿಗೆಯ ಮೇಲಿನ ಭಾರದ ಲೆಕ್ಕಕ್ಕೆ ಎಲ್ಲ ತಯಾರಕರೂ ಒಪ್ಪಿದ ಅಳತೆಗೋಲು ಇಲ್ಲ. ಅಷ್ಟು ತೂಕ ಹೇರಿದರೆ ಕಾಲು ಜಾರುವುದಿಲ್ಲ, ಕೀಲು ಮುರಿಯುವುದಿಲ್ಲ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಸಾಮಾನ್ಯವಾಗಿ ಹೇಳುವುದಿಲ್ಲ. ಛಾಯಾಗ್ರಾಹಕನಿಗೆ ಬೇಕಾದದ್ದು ಬಿಗಿತ, ಅಂದರೆ ಗಾಳಿ ತಾಗಿದಾಗ ಎಷ್ಟು ಬಾಗುತ್ತದೆ, ಬಾಗಿದ ಮೇಲೆ ಕಂಪನ ಎಷ್ಟು ಬೇಗ ಅಡಗುತ್ತದೆ ಎಂಬುದು. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್‌ನ ಅಗಲ ಸುಮಾರು 6 ಮೈಕ್ರಾನ್. ಅದಕ್ಕೆ 200 ಮಿ.ಮೀ. ಲೆನ್ಸ್ ಹಾಕಿ, ಒಂದು ಗೇಣು ಮುಂದಿರುವ ಲೆನ್ಸಿನ ಮೂತಿ ತಲೆಗೂದಲಿನ ದಪ್ಪದಷ್ಟು ತಗ್ಗಿತೆಂದು ಇಟ್ಟುಕೊಂಡರೆ, ಚಿತ್ರ ಹತ್ತು ಪಿಕ್ಸೆಲ್‌ನಷ್ಟು ಸರಿದುಬಿಡುತ್ತದೆ. ಕಣ್ಣಿಗೆ ಕಾಣದ, ಕೈಗೂ ತಿಳಿಯದ ಈ ಅಲುಗಾಟದ ಮುಂದೆ 15 ಕೆ.ಜಿ. ಎಂಬ ಮಾತಿಗೆ ಬೆಲೆಯಿಲ್ಲ.

ಬಿಗಿತ ಎಲ್ಲಿಂದ ಬರುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ವಿವರಿಸಲು ನಾನು ಅಡಿಕೆ ತೋಟಕ್ಕೇ ಕರೆದೊಯ್ಯುತ್ತೇನೆ. ಕೊನೆ (ಅಡಿಕೆ ಗೊನೆ) ಕೊಯ್ಯಲು, ಔಷಧ ಹೊಡೆಯಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆಯಷ್ಟೆ. ಒಂದರೊಳಗೊಂದು ಸೇರುವ ಅದರ ಕೊಳವೆಗಳು ಟ್ರೈಪಾಡಿನ ಕಾಲಿನ ಅಣ್ಣತಮ್ಮಂದಿರೇ. ಅದನ್ನು ಪೂರ್ತಿ ಎತ್ತರಕ್ಕೆ ಎಳೆದು ನಿಲ್ಲಿಸಿದವರಿಗೆ ತುದಿ ತನ್ನಷ್ಟಕ್ಕೆ ತೂಗಾಡುವುದೂ, ಕೊನೆಯ ಬುಡಕ್ಕೆ ಕತ್ತಿ ತಾಗಿಸುವ ಮೊದಲು ಅದು ಅಡಗುವ ತನಕ ಕಾಯಬೇಕಾಗುವುದೂ ಗೊತ್ತು. ನಮ್ಮ ತೋಟಕ್ಕೆ ಕೊನೆ ಕೊಯ್ಯಲು ಬರುವ ಕೊನೆಗೌಡರು ಮೊದಲ ದಿನವೇ, ಪೂರಾ ಬಿಚ್ಚಬೇಡಿ, ತುದಿ ಮಾತು ಕೇಳೂದಿಲ್ಲ ಎಂದಿದ್ದರು. ಲೆಕ್ಕವೂ ಅದನ್ನೇ ಹೇಳುತ್ತದೆ. ಕೊಳವೆಯ ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ ಎರಡು ಪಟ್ಟಾದರೆ ಅದು ಬಾಗದಿರುವ ಶಕ್ತಿ ಸುಮಾರು 8 ಪಟ್ಟಾಗುತ್ತದೆ. ಒಂದು ಕಡೆ ಮಾತ್ರ ಹಿಡಿತವಿರುವ ಕೋಲಿನ ಉದ್ದ ಎರಡು ಪಟ್ಟಾದರೆ ಅಷ್ಟೇ ಬಲಕ್ಕೆ ಅದರ ತುದಿ 8 ಪಟ್ಟು ಬಾಗುತ್ತದೆ. ಟ್ರೈಪಾಡಿನ ಕಾಲು ತಲೆಕೆಳಗಾದ ದೋಟಿ: ದಪ್ಪದ ಕೊಳವೆ ಮೇಲೆ, ಸಣ್ಣದು ನೆಲಕ್ಕೆ.

ಆದ್ದರಿಂದ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಎಲ್ಲಕ್ಕಿಂತ ಕೆಳಗಿನ ಕೊಳವೆಯನ್ನು. ಪ್ರತಿ ತುಂಡಿಗೂ ವ್ಯಾಸ ಸಾಮಾನ್ಯವಾಗಿ 3–4 ಮಿ.ಮೀ. ಇಳಿಯುತ್ತದೆ. ಮೇಲಿನ ಕೊಳವೆ 28 ಮಿ.ಮೀ. ಇದ್ದು ಕಾಲಿಗೆ ಮೂರೇ ತುಂಡುಗಳಿದ್ದರೆ ಕೆಳಗಿನದು 20–22 ಮಿ.ಮೀ. ಉಳಿಯುತ್ತದೆ, ಮೇಲಿನದು 25 ಮಿ.ಮೀ. ಇದ್ದು ಐದು ತುಂಡುಗಳಾದರೆ ಕೆಳಗಿನದು ಕಿರುಬೆರಳಿನಷ್ಟೇ ಆಗಿರುತ್ತದೆ. ಸಿದ್ದಾಪುರದ ಆ ಯುವಕರದ್ದು ಐದು ತುಂಡಿನದು. ಮಡಿಸಿದರೆ ಶಾಲೆಯ ಮಕ್ಕಳ ಬ್ಯಾಗಿನಲ್ಲೂ ಹಿಡಿಸುತ್ತದೆ ಎಂಬುದು ನಿಜ, ಬಸ್ಸಿನಲ್ಲಿ ತಿರುಗುವವರಿಗೆ ಅದು ಸಣ್ಣ ಅನುಕೂಲವಲ್ಲ. ಆದರೂ 200 ಮಿ.ಮೀ. ಲೆನ್ಸಿನ ತನಕ ಬಳಸುವವರಿಗೆ ನಾನು ಹೇಳುವುದು 28 ಮಿ.ಮೀ. ಸುತ್ತಮುತ್ತಲಿನ ಮೇಲ್ಕೊಳವೆಯ ಮೂರು ಅಥವಾ ನಾಲ್ಕು ತುಂಡಿನ ಕಾಲು, 500 ಮಿ.ಮೀ. ಹಿಡಿದು ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿಯ ಹಿಂದೆ ಹೋಗುವವರಿಗೆ 32 ಮಿ.ಮೀ. ಅಥವಾ ಹೆಚ್ಚು. ವೈಡ್ ಲೆನ್ಸ್ ಒಂದನ್ನೇ ಬಳಸುವವರು ಇದಕ್ಕಿಂತ ಸಣ್ಣದರಲ್ಲೂ ಸುಧಾರಿಸಬಹುದು.

ಎತ್ತರವನ್ನು ಅಳೆಯುವಾಗ, ಮೂರು ಕಾಲುಗಳ ನಡುವಿನಿಂದ ಮೇಲಕ್ಕೆ ಎಳೆಯುವ ನಡುಗಂಬವನ್ನು ಲೆಕ್ಕಕ್ಕೆ ಹಿಡಿಯಬಾರದು. ಮೂರು ಕಾಲಿನ ಮೇಲೆ ಕೂರಬೇಕಾದ ಕ್ಯಾಮೆರಾವನ್ನು ಒಂಟಿ ಕೋಲಿನ ತುದಿಗೆ ಏರಿಸುವುದೆಂದರೆ ಮತ್ತೆ ದೋಟಿಯ ಕತೆಯೇ. ಐದೂವರೆ ಅಡಿ ಎತ್ತರದವರ ಕಣ್ಣು ನೆಲದಿಂದ ಸುಮಾರು 155 ಸೆಂ.ಮೀ. ಮೇಲಿರುತ್ತದೆ. ಕಾಲಿನ ಮೇಲೆ ಕ್ಯಾಮೆರಾವನ್ನು ಹಿಡಿದು ತಿರುಗಿಸುವ ಹೆಡ್‌ಗೆ 10–12 ಸೆಂ.ಮೀ., ಕ್ಯಾಮೆರಾದ ತಳದಿಂದ ವ್ಯೂಫೈಂಡರ್‌ಗೆ ಇನ್ನು ಎಂಟು ಕಳೆದರೆ ಬರಿಯ ಕಾಲು 135 ಸೆಂ.ಮೀ. ಇದ್ದರೆ ಸಾಕು. ಸಾಕು ಎಂದದ್ದು ಸಪಾಟು ನೆಲಕ್ಕೆ. ನಮ್ಮ ಘಟ್ಟದ ಇಳಿಜಾರಿನಲ್ಲಿ ಒಂದು ಕಾಲು ಯಾವಾಗಲೂ ಎರಡು ಮೆಟ್ಟಿಲು ಕೆಳಗೆ ಊರಬೇಕಾಗುತ್ತದೆ, ಅದಕ್ಕೆ ಇನ್ನೊಂದು ಗೇಣು ಹೆಚ್ಚಿಗೆ ಇರಲಿ.

ನಡುಗಂಬದ ಮೇಲೆ ನನಗಿರುವ ಇನ್ನೊಂದು ಸಿಟ್ಟು ಸಹಸ್ರಲಿಂಗದಲ್ಲಿ ಹುಟ್ಟಿದ್ದು. ಬೇಸಗೆಯಲ್ಲಿ ಶಾಲ್ಮಲೆಯ ನೀರು ಇಳಿದಾಗ ಬಂಡೆಗಳ ಮೇಲಿನ ಲಿಂಗಗಳೂ ನಂದಿಗಳೂ ಹೊರಗೆ ಕಾಣುತ್ತವೆ. ನಿಂತ ಎತ್ತರದಿಂದ ತೆಗೆದರೆ ಅವು ಬಂಡೆಯ ಮೇಲಿನ ಗುಬುಟುಗಳಂತೆ ತೋರುತ್ತವೆ, ನೆಲಕ್ಕೆ ಒಂದು ಗೇಣಿನಷ್ಟು ತಗ್ಗಿದರೆ ಮಾತ್ರ ಕೆತ್ತನೆಯ ಅಂಚಿಗೆ ಬೆಳಗಿನ ಓರೆ ಬೆಳಕು ಹತ್ತುತ್ತದೆ. ಕಾಲುಗಳನ್ನು ಪೂರ್ತಿ ಅಗಲಿಸಿದರೂ ಉದ್ದದ ನಡುಗಂಬ ಬಂಡೆಗೆ ತಾಗಿ ಕ್ಯಾಮೆರಾ ಕೆಳಗಿಳಿಯದೆ ನಾನು ಅರ್ಧ ಬೆಳಗನ್ನು ಕಳೆದುಕೊಂಡದ್ದುಂಟು. ಈಗ ನನ್ನ ಟ್ರೈಪಾಡಿಗೆ ನಡುಗಂಬವೇ ಇಲ್ಲ. ಅದು ಬೇಕೇ ಬೇಕೆನ್ನುವವರು ಬಿಚ್ಚಿಡಬಹುದಾದದ್ದನ್ನೋ, ಗಿಡ್ಡ ತುಂಡೊಂದನ್ನು ಬದಲಿಗೆ ಹಾಕಬಹುದಾದದ್ದನ್ನೋ ಆರಿಸಲಿ. ಮೂರು ಕಾಲುಗಳೂ ಬೇರೆ ಬೇರೆ ಕೋನಕ್ಕೆ ನಿಲ್ಲುವಂತಿರುವುದು ಅದಕ್ಕಿಂತ ಮುಖ್ಯ.

ಕಾರ್ಬನ್ನೋ ಅಲ್ಯೂಮಿನಿಯಮ್ಮೋ ಎಂಬ ಚರ್ಚೆಯಲ್ಲಿ ನನಗೆ ಹೆಚ್ಚು ಆಸಕ್ತಿಯಿಲ್ಲ. ಗಿಟ್ಜೊ ಕಂಪನಿ 1994ರಲ್ಲಿ ಕಾರ್ಬನ್ ಫೈಬರ್ ಕಾಲನ್ನು ತಂದಾಗಿನಿಂದ ಅದು ಹಗುರವೂ ಹೌದು, ಕಂಪನವನ್ನು ಬೇಗ ಅಡಗಿಸುತ್ತದೆ ಎಂಬುದೂ ಹೌದು. ಆದರೆ ತೆಳ್ಳನೆಯ ಕಾರ್ಬನ್ ಕಾಲಿಗಿಂತ ದಪ್ಪನೆಯ ಅಲ್ಯೂಮಿನಿಯಮ್ ಕಾಲು ಮೇಲು, ಬೆಲೆಯೂ ಕಡಿಮೆ. ಮಾಗೋಡಿನ ವ್ಯೂ ಪಾಯಿಂಟ್ ತನಕ ವಾಹನ ಹೋಗುತ್ತದೆ, ಅಲ್ಲಿ ಒಂದು ಕೆ.ಜಿ. ಹೆಚ್ಚಾದರೆ ಯಾರಿಗೂ ತೊಂದರೆಯಿಲ್ಲ. ಹಳ್ಳದ ಪಾತ್ರದಲ್ಲಿ ಎರಡು ತಾಸು ನಡೆಯುವವರು ಕಾರ್ಬನ್ನಿಗೆ ದುಡ್ಡು ಹಾಕಲಿ. ಸಮುದ್ರದಂಡೆಯವರಿಗೆ ಮಾತ್ರ ಒಂದು ಎಚ್ಚರಿಕೆ: ಕಾರ್ಬನ್ ಕೊಳವೆ ಉಪ್ಪಿಗೆ ಹೆದರುವುದಿಲ್ಲವಾದರೂ ಅದರ ಎರಡು ತುದಿಗೆ ಕೂಡಿಸಿದ ಲೋಹದ ಭಾಗಗಳು ಹೆದರುತ್ತವೆ. ಅದರಲ್ಲೂ ಮೇಲಿನ ಕೀಲುಭಾಗ ಮೆಗ್ನೀಷಿಯಮ್ ಎರಕದ್ದಾಗಿದ್ದು ಬಣ್ಣ ಕೆತ್ತಿಹೋಗಿದ್ದರೆ ಉಪ್ಪುನೀರು ಅದನ್ನು ಬಹುಬೇಗ ತಿನ್ನುತ್ತದೆ.

ಕಾರವಾರದ ಟಾಗೋರ್ ಕಡಲತೀರದಲ್ಲಿ ಸಂಜೆಯ ಹೊತ್ತು ತೆರೆ ಬಂದು ಮರಳುವ ಗೆರೆಯಲ್ಲಿ ಟ್ರೈಪಾಡ್ ಊರಿದವರಿಗೆ, ಎಂಥ ಬಿಗಿಯಾದ ಕಾಲಾದರೂ ಹೊಯ್ಗೆಯ ಮುಂದೆ ಸೋಲುತ್ತದೆ ಎಂಬುದು ಎರಡನೇ ತೆರೆಗೇ ತಿಳಿಯುತ್ತದೆ. ಹಿಂದಕ್ಕೆ ಸರಿಯುವ ನೀರು ಪಾದದ ಕೆಳಗಿನ ಹೊಯ್ಗೆಯನ್ನು ಎಳೆದುಕೊಂಡು ಹೋಗುತ್ತದೆ, ಕಾಲು ಕುಸಿಯುತ್ತದೆ. ಕಾಲುಗಳನ್ನು ಕೊನೆಯ ತಡೆಯ ತನಕ ಅಗಲಿಸದೆ ಸ್ವಲ್ಪ ಒಳಗೇ ಇಟ್ಟುಕೊಂಡು ಒಂದೊಂದನ್ನಾಗಿ ಗಟ್ಟಿಯಾಗಿ ಒತ್ತಿ ಇಳಿಸಬೇಕು. ಪೂರ್ತಿ ಅಗಲಿಸಿ ಒತ್ತಿದರೆ ಕಾಲುಗಳು ಇನ್ನೂ ಅಗಲವಾಗಲು ಹವಣಿಸಿ ಮೇಲಿನ ಕೀಲಿಗೆ ಪೆಟ್ಟು. ಆಮೇಲೆ ಎರಡು ಮೂರು ತೆರೆ ಹಾಯಲು ಬಿಟ್ಟು, ಕುಸಿಯುವಷ್ಟು ಕುಸಿದ ಮೇಲೆ ಚೌಕಟ್ಟು ಸರಿಮಾಡಿಕೊಳ್ಳಬೇಕು. ಬೇರೆಲ್ಲ ಕಡೆ ದಪ್ಪ ತುಂಡುಗಳನ್ನು ಮೊದಲು ಎಳೆಯಿರಿ ಎನ್ನುವ ನಾನು ಇಲ್ಲಿ ಮಾತ್ರ ಕೆಳಗಿನ ಸಣ್ಣ ತುಂಡನ್ನೇ ಮೊದಲು ಪೂರ್ತಿ ಎಳೆಯಿರಿ ಎನ್ನುತ್ತೇನೆ, ಏಕೆಂದರೆ ಅದರ ಲಾಕ್ ನೀರಿಗೂ ಹೊಯ್ಗೆಗೂ ಮೇಲೆ ಉಳಿಯುತ್ತದೆ. ಬಿಗಿತದಲ್ಲಿ ಕಳೆದುಕೊಂಡದ್ದನ್ನು ಒಟ್ಟು ಎತ್ತರ ತಗ್ಗಿಸಿ ತುಂಬಿಕೊಳ್ಳಬಹುದು. ಕುತ್ತಿಗೆಗೆ ಹಾಕುವ ಪಟ್ಟಿಯನ್ನು ಕಳಚಿಡಿ, ಕಡಲ ಗಾಳಿಗೆ ಅದೇ ಹಾಯಿ. ಕೊಕ್ಕೆಗೆ ಬ್ಯಾಗು ತೂಗಿಹಾಕುವವರು ಅದರ ತಳ ನೆಲಕ್ಕೆ ಮುಟ್ಟುವಂತೆ ಹಾಕಲಿ. ಗಾಳಿಯಲ್ಲಿ ತೂಗಾಡುವ ಬ್ಯಾಗು ತೊಟ್ಟಿಲಿನಂತೆ ಟ್ರೈಪಾಡನ್ನೂ ತೂಗುತ್ತದೆ.

ಹೊನ್ನಾವರದ ಕಾಂಡ್ಲಾ ನಡಿಗೆಹಾದಿಯಂಥ ಹಲಗೆಯ ಸೇತುವೆಗಳ ಮೇಲೆ, ಯಾರಾದರೂ ನಡೆದಾಡುತ್ತಿರುವಷ್ಟು ಹೊತ್ತು, ಯಾವ ಟ್ರೈಪಾಡೂ ಪ್ರಯೋಜನಕ್ಕೆ ಬಾರದು. ಜನ ದಾಟಿಹೋಗುವ ತನಕ ಕಾಯುವುದೊಂದೇ ದಾರಿ.

ಹೆಡ್ ಬೇರೆ, ಕಾಲು ಬೇರೆ ಎಂಬುದು ಹಲವರಿಗೆ ತಡವಾಗಿ ತಿಳಿಯುತ್ತದೆ. ಕ್ಯಾಮೆರಾದ ತಳದ ತಿರುಪು 1/4 ಇಂಚಿನದು, ಕಾಲಿಗೂ ಹೆಡ್‌ಗೂ ನಡುವಿನದು ಸಾಮಾನ್ಯವಾಗಿ 3/8 ಇಂಚಿನದು. ಆದ್ದರಿಂದ ಒಂದು ಕಂಪನಿಯ ಕಾಲಿಗೆ ಇನ್ನೊಂದರ ಹೆಡ್ ಕೂರುತ್ತದೆ. ಹೆಚ್ಚಿನವರು ಕೊಳ್ಳುವುದು ಬಾಲ್ ಹೆಡ್, ಒಂದೇ ಗುಬುಟು ಸಡಿಲಿಸಿದರೆ ಕ್ಯಾಮೆರಾ ಎತ್ತ ಬೇಕಾದರೂ ತಿರುಗುತ್ತದೆ, ಬಯಲಿನ ಕೆಲಸಕ್ಕೆ ಅದೇ ಚುರುಕು. ಅದರ ಗುಣವನ್ನು ತಿಳಿಯಲು ಒಂದು ಪರೀಕ್ಷೆಯಿದೆ. ನಿಮ್ಮ ಅತಿ ಉದ್ದದ ಲೆನ್ಸ್ ಹಾಕಿ, ಎದುರಿನ ಅಂಗಡಿಯ ಬೋರ್ಡಿನ ಒಂದು ಅಕ್ಷರವನ್ನು ಚೌಕಟ್ಟಿನ ನಡುವೆ ತಂದು ಬಿಗಿಮಾಡಿ, ಕೈ ಬಿಡಿ. ಅಕ್ಷರ ಕೆಳಗೋ ಪಕ್ಕಕ್ಕೋ ಸರಿಯುತ್ತದೆ. ಒಳ್ಳೆಯ ಹೆಡ್‌ನಲ್ಲಿ ತೀರ ಸ್ವಲ್ಪ, ಅಗ್ಗದ್ದರಲ್ಲಿ ಅರ್ಧ ಬೋರ್ಡು. ಗೋಳ ದೊಡ್ಡದಿದ್ದಷ್ಟೂ ಹಿಡಿತ ನಯ. ಘರ್ಷಣೆಯನ್ನು ಹೆಚ್ಚುಕಡಿಮೆ ಮಾಡುವ ಬೇರೆ ತಿರುಪು ಇಲ್ಲದ ಬಾಲ್ ಹೆಡ್ಡನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಸಡಿಲಿಸಿದೊಡನೆ ಕ್ಯಾಮೆರಾ ಮುಗ್ಗರಿಸಿ ಬೆರಳು ಜಜ್ಜುವುದುಂಟು.

ಆದರೆ ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಕಲ್ಲಿನ ಮಂಚದ ಕೆತ್ತನೆಯನ್ನು ದಾಖಲಿಸುವ ಕೆಲಸಕ್ಕೆ ಬಾಲ್ ಹೆಡ್ ಹಿಡಿದು ಹೋದವರು ತಾಳ್ಮೆಗೆಡುವುದು ಖಂಡಿತ. ಅಡ್ಡಗೆರೆ ನೇರವಾಯಿತೆಂದು ಮುಂದಕ್ಕೆ ಬಾಗಿಸಲು ಹೋದರೆ ನೇರವಾಗಿದ್ದದ್ದು ಮತ್ತೆ ಓರೆ. ಅಂಥಲ್ಲಿ ಮೂರು ದಿಕ್ಕಿನ ಚಲನೆಗೂ ಬೇರೆ ಬೇರೆ ಹಿಡಿಕೆಯಿರುವ ತ್ರೀ-ವೇ ಹೆಡ್ಡೋ, ಕೂದಲೆಳೆಯಷ್ಟೇ ಸರಿಸಬಲ್ಲ ಗೇರ್ ಹೆಡ್ಡೋ ಬೇಕು. ಭಾರವೂ ಹೆಚ್ಚು, ನಿಧಾನವೂ ಹೌದು, ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಮೊದಲೇ ಅನುಮತಿ ಪಡೆಯಬೇಕೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಕ್ಕಿಗಳಿಗೆ ಗಿಂಬಲ್ ಹೆಡ್ ಸರಿ; ಅದರಲ್ಲಿ ಉದ್ದ ಲೆನ್ಸ್ ತಕ್ಕಡಿಯಂತೆ ತೂಗಿ ನಿಲ್ಲುತ್ತದೆ. ಯಕ್ಷಗಾನಕ್ಕೆ ಮಾತ್ರ ಇವುಗಳಲ್ಲಿ ಯಾವುದೂ ಬೇಡ: ವೇಷ ಕುಣಿಯುವಾಗ ಕ್ಯಾಮೆರಾ ನಿಂತು ಪ್ರಯೋಜನವಿಲ್ಲ, ಒಂಟಿಗಾಲಿನ ಮಾನೋಪಾಡ್ ಸಾಕು.

ಹೆಡ್ ಮೇಲಿನ ಪ್ಲೇಟು ಸಣ್ಣ ವಸ್ತುವಾದರೂ ಅದರಿಂದ ಹಾಳಾದ ಚಿತ್ರಗಳು ಕಡಿಮೆಯಿಲ್ಲ. ಸುಮಾರು 38 ಮಿ.ಮೀ. ಅಗಲದ, ಎರಡು ಅಂಚೂ ಓರೆಯಾಗಿರುವ ಆರ್ಕಾ-ಸ್ವಿಸ್ ಮಾದರಿಯ ಪ್ಲೇಟು ಈಗ ಹೆಚ್ಚುಕಡಿಮೆ ಎಲ್ಲೆಡೆ ಸಲ್ಲುತ್ತದೆ. ಆದರೆ ಅಳತೆ ಕಂಪನಿಯಿಂದ ಕಂಪನಿಗೆ ಎಳೆಯಷ್ಟು ಬೇರೆ ಇರುವುದರಿಂದ, ಸನ್ನೆ ಒತ್ತಿ ಮುಚ್ಚುವ ಕ್ಲಾಂಪಿಗಿಂತ ತಿರುಪು ಸುತ್ತಿ ಬಿಗಿಮಾಡುವ ಕ್ಲಾಂಪು ನಂಬಿಕಸ್ತ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ತೆಗೆಯುವವರು ಎಲ್ ಆಕಾರದ ಪ್ಲೇಟ್ ಹಾಕಿಕೊಳ್ಳಲಿ. ಇಲ್ಲದಿದ್ದರೆ ಇಡೀ ಭಾರ ಕಾಲುಗಳ ನಡುವಿನಿಂದ ಹೊರಗೆ ನೇತುಬಿದ್ದು, ಒಂಟಿ ತಿರುಪಿನ ಮೇಲೆ ಕ್ಯಾಮೆರಾ ಮೆಲ್ಲನೆ ಜಾರುತ್ತದೆ. ಲೆನ್ಸಿಗೇ ಕಾಲರ್ (ಟ್ರೈಪಾಡಿಗೆ ಕೂರಿಸಲು ಲೆನ್ಸಿನ ಸುತ್ತ ಇರುವ ಬಳೆ) ಇದ್ದರೆ ಕ್ಯಾಮೆರಾವನ್ನು ಬಿಟ್ಟು ಅದನ್ನೇ ಹೆಡ್‌ಗೆ ಕೂರಿಸಬೇಕು.

ಇಷ್ಟೆಲ್ಲ ಕೊಂಡ ಮೇಲೂ ಬೆರಳಿನಿಂದ ಷಟರ್ ಒತ್ತಿದರೆ ಪ್ರಯೋಜನವಿಲ್ಲ. ಕನ್ನಡಿಯಿರುವ ಕ್ಯಾಮೆರಾಗಳಲ್ಲಿ 1/30ರಿಂದ 1 ಸೆಕೆಂಡಿನ ನಡುವಿನ ಎಕ್ಸ್‌ಪೋಷರ್ ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಕನ್ನಡಿ ಎದ್ದ ಪೆಟ್ಟಿನ ಕಂಪನ ಅಡಗುವ ಮೊದಲೇ ಚಿತ್ರ ಮುಗಿದಿರುತ್ತದೆ; 30 ಸೆಕೆಂಡಿನ ಚಿತ್ರದಲ್ಲಿ ಆ ಮೊದಲ ನಡುಕ ಲೆಕ್ಕಕ್ಕೇ ಬರುವುದಿಲ್ಲ. ಎರಡು ಸೆಕೆಂಡಿನ ಟೈಮರ್, ಕನ್ನಡಿಯನ್ನು ಮೊದಲೇ ಎತ್ತಿಡುವ ಸೌಲಭ್ಯ, ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಷಟರಿನ ಎಲೆಕ್ಟ್ರಾನಿಕ್ ಮೊದಲ ಪರದೆ, ಇವುಗಳಲ್ಲಿ ಇರುವುದನ್ನು ಬಳಸಬೇಕು. ಹಳೆಯ ಲೆನ್ಸುಗಳಲ್ಲಿ ಕೈನಡುಕವನ್ನು ಸರಿದೂಗಿಸುವ ಸ್ಟೆಬಿಲೈಸೇಷನ್ ಟ್ರೈಪಾಡಿನ ಮೇಲೆ ತಾನೇ ಅಲುಗಾಟ ಹುಟ್ಟಿಸುವುದುಂಟು, ಅದನ್ನು ಆಫ್ ಮಾಡಿಡುವುದು ಒಳ್ಳೆಯದು. ಸಿದ್ದಾಪುರದ ಯುವಕರಿಗೆ ಹೊಸದನ್ನು ಕೊಳ್ಳಿ ಎನ್ನುವ ಮೊದಲು ನಾನು ಹೇಳಿದ್ದು ಇಷ್ಟೇ: ಕೆಳಗಿನ ಎರಡು ತುಂಡು ಎಳೆಯದೆ, ನಡುಗಂಬ ಏರಿಸದೆ, ಟೈಮರ್ ಇಟ್ಟು, ಕುಕ್ಕರಗಾಲಿನಲ್ಲಿ ಕೂತು ತೆಗೆಯಿರಿ. ಮುಂದಿನ ವಾರ ತಂದ ಚಿತ್ರದಲ್ಲಿ ಪಾಚಿಯ ಎಳೆಗಳನ್ನು ಎಣಿಸಬಹುದಿತ್ತು. ಮಂಡಿ ನೋವಾಯಿತೆಂದರು, ಆಮೇಲೆಯೇ ನಾಲ್ಕು ತುಂಡಿನ ದಪ್ಪ ಕಾಲು ಕೊಂಡರು.

ಕಡಲಿನಿಂದ ಬಂದ ದಿನ ಟ್ರೈಪಾಡನ್ನು ಮಡಿಸಿ ಮೂಲೆಗೆ ನಿಲ್ಲಿಸಬೇಡಿ. ಎಲ್ಲ ತುಂಡುಗಳನ್ನೂ ಎಳೆದಿಟ್ಟು ಅಂಗಳದಲ್ಲಿ ಸಿಹಿನೀರು ಸುರಿದು, ಲಾಕುಗಳನ್ನು ಬಿಚ್ಚಿ, ಒಳಗಿನ ಹೊಯ್ಗೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ನೆರಳಿನಲ್ಲಿ ಒಣಗಿಸಬೇಕು. ಹೆಡ್‌ಗೆ ಮಾತ್ರ ನೀರು ಸುರಿಯದೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಅದರ ಗೋಳಕ್ಕೆ ಎಣ್ಣೆಯನ್ನಂತೂ ಮುಟ್ಟಿಸಲೇಬಾರದು. ತಿರುಪಿನ ಹಲ್ಲುಗಳಿಗೆ ಗ್ರೀಸನ್ನು ತೆಳ್ಳಗೆ ಸವರಿ, ಒಂದು ಕಾಲನ್ನು ಪೂರ್ತಿ ಜೋಡಿಸಿದ ಮೇಲೆಯೇ ಮುಂದಿನದನ್ನು ಬಿಚ್ಚಿ. ಮೂರನ್ನೂ ಒಟ್ಟಿಗೆ ಬಿಚ್ಚಿ ಹರವಿ, ಯಾವ ಬುಶ್ಶು ಯಾವ ಕಾಲಿನದೆಂದು ತಿಳಿಯದೆ ಒಂದಿಡೀ ಭಾನುವಾರ ಜಗಲಿಯಲ್ಲಿ ಕೂತವನು ನಾನು.